ಹನ್ನೆರಡು ಹೋಗಲ್ಲ, ಹದಿಮೂರು ಜಾರುತ್ತೆ: ಗಾಡಿ ರಿಪೇರಿ ಇಷ್ಟು ಕಷ್ಟವಾಗಿದ್ದು ಯಾಕೆ?

"ಅಣ್ಣಾ, ಹನ್ನೆರಡು ಹೋಗ್ತಿಲ್ಲ, ಹದಿಮೂರು ಆಡ್ತಿದೆ."

ಕೋಲಾರದ ಕಡೆ ಹಳೇ ಟ್ರ್ಯಾಕ್ಟರ್ ಬಿಚ್ಚುವ ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ. ಹೇಳುವವನು ಕೆಲಸ ಕಲಿಯಲು ಬಂದ ಹುಡುಗ. ಅವನ ಕೈಯಲ್ಲಿರುವ ಸ್ಪ್ಯಾನರ್ ಮಿಲಿಮೀಟರಿನದು, ಎದುರಿಗಿರುವ ಬೋಲ್ಟಿನ ತಲೆ ಅರ್ಧ ಇಂಚಿನದು. ಅರ್ಧ ಇಂಚು ಅಂದರೆ 12.7 ಮಿ.ಮೀ. 12ರ ಸ್ಪ್ಯಾನರ್ ಅದರ ಮೇಲೆ ಕೂರುವುದೇ ಇಲ್ಲ. 13ರದು ಕೂರುತ್ತದೆ, ಆದರೆ 0.3 ಮಿ.ಮೀ. ಸಡಿಲ. ಬೋಲ್ಟು ಸುಲಭವಾಗಿ ಬಿಚ್ಚಿಕೊಂಡರೆ ಆ ಸಡಿಲ ಗೊತ್ತೇ ಆಗಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಮಾತ್ರ ಕೆಲಸ ಕೆಡುತ್ತದೆ. ಜೋರಾಗಿ ಎಳೆದಾಗ ಭಾರವೆಲ್ಲ ತಲೆಯ ಮೂಲೆಗಳ ಮೇಲೆ ಬಿದ್ದು ಅವು ಸವೆಯುತ್ತವೆ, ತಲೆ ದುಂಡಗಾಗುತ್ತದೆ. ಆಮೇಲೆ ಯಾವ ಸ್ಪ್ಯಾನರೂ ಹಿಡಿಯಲ್ಲ. ಉಳಿ ಬರುತ್ತದೆ, ಸುತ್ತಿಗೆ ಬರುತ್ತದೆ, ಗ್ಯಾಸ್ ಕಟ್ಟರ್ ಬರುತ್ತದೆ. ಕೊನೆಗೆ ಆ ತಲೆಯ ಮೇಲೆ ಇನ್ನೊಂದು ನಟ್ಟು ವೆಲ್ಡ್ ಮಾಡಿ ತಿರುಗಿಸಬೇಕು. ಹತ್ತು ನಿಮಿಷದ ಕೆಲಸ ಅರ್ಧ ದಿನ ತಿನ್ನುತ್ತದೆ.

ಗಾಡಿಯ ಮಾಲೀಕರು ಪಕ್ಕದಲ್ಲೇ ನಿಂತಿರುತ್ತಾರೆ. ಬೆಳಗಾದರೆ ಟೊಮೆಟೊ ಮಂಡಿಗೆ ಹೋಗಬೇಕು. ಅವರ ಕಣ್ಣಿಗೆ ಕಾಣುವುದು ಇಷ್ಟೇ: ಒಂದು ಬೋಲ್ಟು ಬಿಚ್ಚಲು ಬಾರದ ಮೆಕ್ಯಾನಿಕ್. "ಕೆಲಸ ಗೊತ್ತಿಲ್ಲದವರ ಕೈಗೆ ಕೊಟ್ಟೆ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಮೆಕ್ಯಾನಿಕ್ ಆ ಬೈಗುಳ ನುಂಗಿಕೊಂಡು, ಹೆಚ್ಚು ಹಿಡಿದ ಸಮಯಕ್ಕೆ ದುಡ್ಡನ್ನೂ ಕೇಳದೆ ಸುಮ್ಮನಾಗುತ್ತಾರೆ.

ಈ ಬೈಗುಳ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಅನ್ನುವುದು ನನ್ನ ಮಾತು. ಗ್ಯಾರೇಜಿನಲ್ಲಿ ಹಾಳಾಗುವ ಸಮಯದ ಬಹುಪಾಲು ನಿರ್ಧಾರವಾಗುವುದು ವರ್ಷಗಳ ಹಿಂದೆ, ದೂರದ ಒಂದು ವಿನ್ಯಾಸದ ಕೋಣೆಯಲ್ಲಿ. ಅಲ್ಲಿ ಯಾವ ಅಳತೆ ಬಳಸಬೇಕು, ಯಾವ ಬೋಲ್ಟನ್ನು ಎಲ್ಲಿಡಬೇಕು ಎಂದು ಲೆಕ್ಕ ಹಾಕುವಾಗ ಗಾಡಿಯನ್ನು ಕಟ್ಟುವವರ ಕೈ ಲೆಕ್ಕಕ್ಕೆ ಬರುತ್ತದೆ. ಬಿಚ್ಚುವವರ ಕೈ ಬರುವುದಿಲ್ಲ.

ಒಂದೇ ಊರು, ಹಲವು ಅಳತೆ

ನಮ್ಮ ಕಡೆಯ ಗ್ಯಾರೇಜಿಗೆ ಬರುವ ಗಾಡಿಗಳ ಹುಟ್ಟು ನೋಡಿದರೆ ಅರ್ಧ ವಿಷಯ ಅರ್ಥವಾಗುತ್ತದೆ. ಮ್ಯಾಸಿ ಫರ್ಗ್ಯೂಸನ್ ಟ್ರ್ಯಾಕ್ಟರಿನ ಮೂಲ ವಿನ್ಯಾಸ ಬ್ರಿಟನ್ನಿನದು. ಮಹೀಂದ್ರದ ಹಳೇ ಬಿ-275 ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯದು. ಎರಡೂ ಇಂಚಿನವು. ಎಚ್‌ಎಂಟಿ ಟ್ರ್ಯಾಕ್ಟರ್ ಬಂದದ್ದು ಚೆಕ್ ದೇಶದ ಜೆಟರ್ ವಿನ್ಯಾಸದಿಂದ, ಅದು ಮಿಲಿಮೀಟರಿನದು. ಒಂದೇ ಹಳ್ಳಿಯಲ್ಲಿ ಈ ಮೂರೂ ಇದ್ದರೆ ಮೆಕ್ಯಾನಿಕ್ ಎರಡೂ ಪೆಟ್ಟಿಗೆ ಹೊತ್ತುಕೊಂಡೇ ಹೋಗಬೇಕು.

ಕಾರಿನಲ್ಲೂ ಇದೇ ಪಾಡು. ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್, ಇಂಗ್ಲೆಂಡಿನ ಕಾರು. 1950ರ ದಶಕದ ಕೊನೆಯಿಂದ 2014ರವರೆಗೆ ಅದು ತಯಾರಾಯಿತು. ಬಾಡಿ, ಸಸ್ಪೆನ್ಷನ್ ಎಲ್ಲ ಇಂಚು. 1990ರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಜು ಎಂಜಿನ್ ಕೂರಿಸಿದರು, ಅದು ಪೂರ್ತಿ ಮಿಲಿಮೀಟರ್. ಅಲ್ಲಿಗೆ ಒಂದೇ ಬಾನೆಟ್ಟಿನ ಕೆಳಗೆ ಎರಡು ಅಳತೆ ಬಂದವು. ಮಹೀಂದ್ರದ ಹಳೇ ಜೀಪುಗಳೂ ಹಾಗೇ. ಒಡಲು ಅಮೆರಿಕದ ವಿಲ್ಲಿಸ್ ಜೀಪಿನದು, ಇಂಚಿನ ಲೆಕ್ಕ. ಎಂಎಂ 540 ಮಾದರಿಯ ಹೊತ್ತಿಗೆ ಒಳಗಿದ್ದ ಡೀಸೆಲ್ ಎಂಜಿನ್ ಫ್ರಾನ್ಸಿನ ಪ್ಯೂಜೋ ವಿನ್ಯಾಸದ್ದು, ಮಿಲಿಮೀಟರ್ ಲೆಕ್ಕ. ಎಂಜಿನ್ ಕೆಲಸಕ್ಕೆ ಒಂದು ಸೆಟ್ಟು, ಅದೇ ಗಾಡಿಯ ಆಕ್ಸಲ್ ಕೆಲಸಕ್ಕೆ ಇನ್ನೊಂದು ಸೆಟ್ಟು.

ಕೋಲಾರಕ್ಕೆ ಇಂಚು ಇನ್ನೂ ಹಳೆಯದು. ಕೆಜಿಎಫ್ ಚಿನ್ನದ ಗಣಿಯನ್ನು 1880ರಿಂದ ಬೆಳೆಸಿದ್ದು ಇಂಗ್ಲೆಂಡಿನ ಜಾನ್ ಟೇಲರ್ ಆ್ಯಂಡ್ ಸನ್ಸ್. ಬ್ರಿಟನ್ನಿನ ಯಂತ್ರಗಳ ಜೊತೆ ಬ್ರಿಟನ್ನಿನ ವಿಟ್‌ವರ್ತ್ ಥ್ರೆಡ್ಡೂ ಇಲ್ಲಿಗೆ ಬಂತು. ಥ್ರೆಡ್ ಅಂದರೆ ಬೋಲ್ಟಿನ ಮೇಲಿನ ಸುರುಳಿ ಗೆರೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಅದನ್ನು ಮುಂದಿಟ್ಟಿದ್ದೇ ಅಳತೆಯ ಗೊಂದಲ ತಪ್ಪಿಸಲು. ಅದಕ್ಕೂ ಮೊದಲು ಒಂದೊಂದು ಕಾರ್ಖಾನೆ ಒಂದೊಂದು ಥರ ಥ್ರೆಡ್ ಕತ್ತರಿಸುತ್ತಿತ್ತು. ಆದರೆ ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಬರೆದಿರುವುದು ಬೋಲ್ಟಿನ ಕಾಂಡದ ಅಳತೆ, ತಲೆಯ ಅಳತೆ ಅಲ್ಲ. ಕಾಲಿಂಚು ಎಂದು ಬರೆದ ಸ್ಪ್ಯಾನರಿನ ಬಾಯಿ ನಿಜವಾಗಿ ಸುಮಾರು 13.3 ಮಿ.ಮೀ. ಇರುತ್ತದೆ. ಅಮೆರಿಕದ ಲೆಕ್ಕದ ಸ್ಪ್ಯಾನರಿನಲ್ಲಿ ಕಾಲಿಂಚು ಅಂದರೆ ಬಾಯಿಯೇ ಕಾಲಿಂಚು, 6.35 ಮಿ.ಮೀ. ಎರಡೂ ಇಂಚೇ, ಒಂದರ ಜಾಗಕ್ಕೆ ಇನ್ನೊಂದು ಆಗಲ್ಲ.

ಬ್ರಿಟನ್, ಅಮೆರಿಕ, ಕೆನಡಾ ಈ ಜಗಳ ಬಗೆಹರಿಸಿಕೊಂಡದ್ದು 1948ರ ನವೆಂಬರಿನಲ್ಲಿ. ಮಹಾಯುದ್ಧದಲ್ಲಿ ಒಬ್ಬರ ಬೋಲ್ಟು ಇನ್ನೊಬ್ಬರ ಯಂತ್ರಕ್ಕೆ ಹೊಂದದೆ ಪಟ್ಟ ಪಾಡು ಅವರನ್ನು ಒಟ್ಟಿಗೆ ಕೂರಿಸಿತು. ಮೂರೂ ದೇಶಕ್ಕೆ ಒಂದೇ ಆದ ಯುನಿಫೈಡ್ ಥ್ರೆಡ್ ಹುಟ್ಟಿತು. ಭಾರತ 1956ರಲ್ಲಿ ಮೆಟ್ರಿಕ್ ಕಾನೂನು ಮಾಡಿತು. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು, 1958ರಿಂದ ಕಿಲೋ ತೂಕ. ಸೇರು ಹೋಯಿತು, ಮಣ ಹೋಯಿತು. ಆದರೆ ಕಾನೂನು ತಕ್ಕಡಿಯನ್ನು ಬದಲಿಸಿದಷ್ಟು ಸುಲಭವಾಗಿ ಕಾರ್ಖಾನೆಯ ಡೈಗಳನ್ನು (ಅಚ್ಚುಗಳನ್ನು) ಬದಲಿಸಲು ಆಗಲಿಲ್ಲ. ಅಂಬಾಸಿಡರ್ ತಯಾರಿಕೆ ಶುರುವಾದದ್ದು ದೇಶ ಮೆಟ್ರಿಕ್ಕಿಗೆ ಹೊರಳುತ್ತಿದ್ದ ಅದೇ ಹೊತ್ತಿನಲ್ಲಿ, ಇಂಚಿನಲ್ಲಿ.

ಥ್ರೆಡ್ ಹೋಗುವುದು ಹೀಗೆ

ಸ್ಪ್ಯಾನರ್ ತಪ್ಪಿದರೆ ಬೋಲ್ಟಿನ ತಲೆ ಹೋಗುತ್ತದೆ. ಥ್ರೆಡ್ ತಪ್ಪಿದರೆ ಎಂಜಿನ್ನೇ ಲೇತ್ ಅಂಗಡಿಗೆ ಹೋಗುತ್ತದೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಎಂ8 ಬೋಲ್ಟಿನ ದಪ್ಪ 8 ಮಿ.ಮೀ., ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.25 ಮಿ.ಮೀ. ಅಂತರ. ಇಂಚಿನ 5/16 ಬೋಲ್ಟಿನ ದಪ್ಪ 7.94 ಮಿ.ಮೀ. ಕೈಯಲ್ಲಿ ಹಿಡಿದರೆ ಎರಡೂ ಒಂದೇ. ಆದರೆ 5/16ರ ಒರಟು ಥ್ರೆಡ್ ಇಂಚಿಗೆ 18, ಅಂದರೆ 1.41 ಮಿ.ಮೀ. ಅಂತರ. ಅದನ್ನು ಎಂ8 ತೂತಿಗೆ ಹಾಕಿ ತಿರುಗಿಸಿ. ಮೊದಲ ಸುತ್ತು ಬೆರಳಿನಲ್ಲೇ ಹೋಗುತ್ತದೆ. ಎರಡನೇ ಸುತ್ತೂ ಹೋಗುತ್ತದೆ. ಮೂರನೇ ಸುತ್ತಿಗೆ ಬಿಗಿಯಾಗುತ್ತದೆ. "ಸ್ವಲ್ಪ ಕೊಳೆ ಇರಬೇಕು" ಎಂದು ಸ್ಪ್ಯಾನರ್ ಹಾಕಿ ಎಳೆದರೆ ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಗೋಡೆಯನ್ನು ಕೆರೆದುಕೊಂಡು ಒಳಗೆ ಹೋಗುತ್ತದೆ. ಬಿಗಿಯಾಯಿತು ಅನ್ನಿಸುತ್ತದೆ. ಮುಂದಿನ ಸಲ ಬಿಚ್ಚುವಾಗ ಬೋಲ್ಟಿನ ಜೊತೆ ಥ್ರೆಡ್ಡೂ ಸುರುಳಿಯಾಗಿ ಹೊರಗೆ ಬರುತ್ತದೆ. ಎಂ6ಕ್ಕೂ ಕಾಲಿಂಚಿಗೂ ಇದೇ ಜಗಳ.

ನಮ್ಮೂರುಗಳ ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟಿಗೆ, ಶೆಡ್ಡಿಗೆ ಬೇಕಾದ ಇಂಚಿನ ಬೋಲ್ಟು ತೂಕದ ಲೆಕ್ಕದಲ್ಲಿ ಸಿಗುತ್ತದೆ. ರಾತ್ರಿ ಹೊತ್ತು ಒಂದು ಬೋಲ್ಟು ಕಡಿಮೆ ಬಿದ್ದಾಗ ಅದನ್ನೇ ತಂದು ಹಾಕುವುದು ಸಹಜ. ಅಲ್ಲಿ ಇನ್ನೊಂದು ಅಪಾಯ ಇದೆ. ಗಾಡಿಯ ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚಾಗಿರುತ್ತದೆ, ಅದು ಬಲದ ಗುರುತು. ಇಂಚಿನ ಬೋಲ್ಟಾದರೆ ಅಂಕಿಯ ಬದಲು ಗೆರೆಗಳು: ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8. ಗೇಟಿನ ಬೋಲ್ಟು ಮೆದು ಕಬ್ಬಿಣ, ಅದರ ಬಲ ಇದರ ಅರ್ಧದಷ್ಟೇ. ಸಸ್ಪೆನ್ಷನ್ನಿಗೆ ಅಂಥದ್ದು ಹಾಕಿ ಮುಳಬಾಗಿಲು ಕಡೆ ಹೈವೇ ಹತ್ತಿದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎಲ್ಲ ಮಿಲಿಮೀಟರ್ ಆದರೆ ತೊಂದರೆ ಮುಗಿಯಿತಾ? ಇಲ್ಲ. ಮಿಲಿಮೀಟರಿನೊಳಗೇ ಮನೆತನಗಳಿವೆ. ಎಂ8 ಬೋಲ್ಟಿನ ತಲೆಗೆ ಜಪಾನಿನ ಕಾರುಗಳಲ್ಲಿ 12ರ ಸ್ಪ್ಯಾನರ್ ಬೇಕು, ಜರ್ಮನಿಯ ಲೆಕ್ಕದಲ್ಲಿ 13. ಎಂ10ಕ್ಕೆ ಜಪಾನಿನದು 14, ಹಳೇ ಜರ್ಮನ್ ಲೆಕ್ಕ 17, ಈಗಿನ ಅಂತರರಾಷ್ಟ್ರೀಯ ಲೆಕ್ಕ 16. ಎಂ12ಕ್ಕೆ ಅದೇ ಕ್ರಮದಲ್ಲಿ 17, 19, 18. 1983ರ ಕೊನೆಯಲ್ಲಿ ಮಾರುತಿ 800 ಬಂದಾಗಿನಿಂದ ಕಾರಿನ ಮೆಕ್ಯಾನಿಕ್‌ಗಳ ಕೈ 10, 12, 14, 17ಕ್ಕೆ ಪಳಗಿದೆ. ಟಾಟಾ ಲಾರಿ ಹಿಡಿದವರ ಕೈ 13, 17, 19ಕ್ಕೆ ಪಳಗಿದೆ, ಯಾಕೆಂದರೆ ಆ ಕಂಪನಿ 1954ರಲ್ಲಿ ಕೈ ಜೋಡಿಸಿದ್ದು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ. ಯುರೋಪಿನ ಕಾರು ಬಂದರೆ ಷಡ್ಭುಜ ತಲೆಯೇ ಇಲ್ಲದ, ನಕ್ಷತ್ರದ ಆಕಾರದ ಟಾರ್ಕ್ಸ್ ಬೋಲ್ಟುಗಳು. ಅದಕ್ಕೆ ಮತ್ತೊಂದು ಸೆಟ್ಟು.

ಚಕ್ರದ ನಟ್ಟು ಇದಕ್ಕೆ ಒಳ್ಳೇ ಉದಾಹರಣೆ. ಮಾರುತಿ ಕಾರಿನ ಚಕ್ರದ ನಟ್ಟು ಎಂ12, ಅಂತರ 1.25. ಹ್ಯುಂಡೈ, ಹೋಂಡಾ, ಟೊಯೊಟಾ ಕಾರುಗಳದ್ದೂ ಎಂ12ನೇ, ಆದರೆ ಅಂತರ 1.5. ಪಂಕ್ಚರ್ ಅಂಗಡಿಯ ಡಬ್ಬದಲ್ಲಿ ಎಲ್ಲ ಬೆರೆತು ಬಿದ್ದಿರುತ್ತವೆ. ಕಳೆದುಹೋದ ಒಂದು ನಟ್ಟಿನ ಬದಲು ಡಬ್ಬದಿಂದ ತೆಗೆದು ಏರ್ ಗನ್ನಿನಲ್ಲಿ ಹೊಡೆದರೆ ಅದು ಹೋಗಿ ಕೂರುತ್ತದೆ. ಗನ್ನಿನ ಬಲಕ್ಕೆ ಥ್ರೆಡ್ ತಪ್ಪಿದ್ದು ಕೈಗೆ ಗೊತ್ತಾಗುವುದಿಲ್ಲ. ನಟ್ಟು ಕೂರುವ ಸ್ಟಡ್ಡಿನ ಥ್ರೆಡ್ ಒಳಗೊಳಗೇ ಹಾಳಾಗಿರುತ್ತದೆ. ದಯವಿಟ್ಟು ಚಕ್ರ ಹಾಕುವಾಗ ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ತಿರುಗಿಸಲು ಹೇಳಿ. ಬೆರಳಿಗೆ ಬಗ್ಗದ ನಟ್ಟು ಆ ಸ್ಟಡ್ಡಿನದಲ್ಲ.

ಇನ್ನು ಹೊಸ ಕಾರಿನಲ್ಲೂ ಇಂಚು ಉಳಿದುಕೊಂಡ ಜಾಗಗಳಿವೆ. ಟೈರಿನ ಮೇಲೆ 165/80 ಆರ್14 ಎಂದು ಬರೆದಿದ್ದರೆ 165 ಮಿಲಿಮೀಟರ್, 80 ಶೇಕಡಾ, 14 ಇಂಚು. ಒಂದೇ ಸಾಲಿನಲ್ಲಿ ಮೂರು ಲೆಕ್ಕ. ರಿಮ್ಮನ್ನು ಮಿಲಿಮೀಟರಿಗೆ ತರಲು ಮಿಷೆಲಿನ್ ಕಂಪನಿ 1975ರಲ್ಲಿ ಟಿಆರ್‌ಎಕ್ಸ್ ಎಂಬ ಟೈರು ತಂದು ನೋಡಿತು, ಜಗತ್ತು ಒಪ್ಪಲಿಲ್ಲ. ಸಾಕೆಟ್ ಸೆಟ್ಟಿನಲ್ಲಿ ಸಾಕೆಟ್ಟುಗಳೆಲ್ಲ ಮಿಲಿಮೀಟರ್, ಅವನ್ನು ಸಿಕ್ಕಿಸುವ ಚೌಕ ಹಿಡಿ ಅರ್ಧ ಇಂಚು. ಹಲವು ಜಪಾನಿ ಎಂಜಿನ್ನುಗಳಲ್ಲಿ ಆಯಿಲ್ ಪ್ರೆಷರ್ ಸ್ವಿಚ್ಚಿನ ಥ್ರೆಡ್ 1/8 ಇಂಚಿನ ಪೈಪ್ ಥ್ರೆಡ್. ಎಲ್ಲಕ್ಕಿಂತ ಗಮನಿಸಬೇಕಾದ್ದು ಸೀಟ್ ಬೆಲ್ಟ್. ಜಗತ್ತಿನ ಬಹುತೇಕ ಕಾರುಗಳಲ್ಲಿ ಅದನ್ನು ಹಿಡಿದಿರುವ ಬೋಲ್ಟು ಇವತ್ತಿಗೂ 7/16 ಇಂಚು, ಇಂಚಿಗೆ 20 ಥ್ರೆಡ್. ಮಿಲಿಮೀಟರಿನಲ್ಲಿ ಅದು 11.11. ಸೀಟ್ ಕವರ್ ಹಾಕಿಸುವಾಗ ಈ ಬೋಲ್ಟು ಕಳೆದು, ಬದಲಿಗೆ ಎಂ10 ಸಿಕ್ಕಿಸಿದರೆ ಅದು ಎಲ್ಲೂ ಕಚ್ಚಿಕೊಳ್ಳದೆ ನಿಂತಿರುತ್ತದೆ. ಬ್ರೇಕ್ ಹೊಡೆದ ದಿನ ಜೀವ ಹಿಡಿಯಬೇಕಾದ ಬೋಲ್ಟು ಅದು.

ಬಿಗಿ ಅಳೆಯುವ ಲೆಕ್ಕವೂ ಮೂರು ಥರ. ಹಳೇ ಪುಸ್ತಕಗಳಲ್ಲಿ ಪೌಂಡ್-ಅಡಿ, ಜಪಾನಿನ ಹಳೇ ಪುಸ್ತಕಗಳಲ್ಲಿ ಕೆಜಿ-ಮೀಟರ್, ಈಗಿನವುಗಳಲ್ಲಿ ನ್ಯೂಟನ್ ಮೀಟರ್. 100 ನ್ಯೂಟನ್ ಮೀಟರ್ ಅಂದರೆ ಸುಮಾರು 74 ಪೌಂಡ್-ಅಡಿ, 10.2 ಕೆಜಿ-ಮೀಟರ್. ಒಂದನ್ನು ಇನ್ನೊಂದು ಎಂದು ಓದಿಕೊಂಡರೆ ಹೆಡ್ ಬೋಲ್ಟು ತುಂಡಾಗುತ್ತದೆ, ಇಲ್ಲವೇ ಸಡಿಲ ಉಳಿದು ಗ್ಯಾಸ್ಕೆಟ್ ಸುಡುತ್ತದೆ. ಎಂಜಿನ್ ಬೋರ್ ಮಾಡಿಸುವ ಕಡೆ, ಅಂದರೆ ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿಸುವ ಕಡೆ, "ಇಪ್ಪತ್ತು ಸೈಜು" ಅಂದರೆ ಇಂಚಿನ ಎಂಜಿನ್ನಿಗೆ ಒಂದು ಇಂಚಿನ ಸಾವಿರ ಪಾಲಿನಲ್ಲಿ 20 ಪಾಲು. ಅದು ಹೆಚ್ಚುಕಡಿಮೆ 0.50 ಮಿ.ಮೀ. ಆದ್ದರಿಂದ ಕೆಲಸ ನಡೆದುಹೋಗುತ್ತದೆ. ನಡೆಸುತ್ತಿರುವುದು ಲೇತ್ ಮುಂದೆ ನಿಂತವರ ನೆನಪಿನ ಶಕ್ತಿ.

ಕೈ ಹೋಗದ ಜಾಗ

ಅಳತೆ ಸರಿಯಿದೆ, ಸ್ಪ್ಯಾನರೂ ಇದೆ, ಆದರೆ ಕೈಯೇ ಹೋಗಲ್ಲ. ಇದು ಹೊಸ ಗಾಡಿಗಳ ಕಷ್ಟ.

ಹೆಡ್‌ಲೈಟ್ ಬಲ್ಬನ್ನೇ ತೆಗೆದುಕೊಳ್ಳಿ. ಹಳೇ ಜೀಪಿನಲ್ಲಿ ಹೆಡ್‌ಲೈಟಿನ ಸುತ್ತಲಿನ ಬಳೆಯ ಸ್ಕ್ರೂ ಬಿಚ್ಚಿದರೆ ಮುಗಿಯಿತು. ಈಗಿನ ಕೆಲವು ಕಾರುಗಳಲ್ಲಿ ಹೆಡ್‌ಲೈಟಿನ ಹಿಂದೆಯೇ ಬ್ಯಾಟರಿಯೋ ಫ್ಯೂಸ್ ಪೆಟ್ಟಿಗೆಯೋ ಕೂತಿರುತ್ತದೆ. ಬಂಪರ್ ಇಳಿಸಬೇಕು, ಅಥವಾ ಚಕ್ರ ತಿರುಗಿಸಿ ಒಳಗಿನ ಪ್ಲಾಸ್ಟಿಕ್ ಸರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳ ತುದಿಯಿಂದ ಬಲ್ಬಿನ ಕ್ಲಿಪ್ ಹುಡುಕಬೇಕು. ಬಂಪರ್ ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಬಿಸಿಲಿಗೆ ಒಣಗಿ ಗಟ್ಟಿಯಾಗಿರುತ್ತವೆ, ತೆಗೆಯುವಾಗ ಎರಡು ಮೂರು ಮುರಿಯುವುದು ಖಚಿತ. ಬಲ್ಬಿಗಿಂತ ಬಲ್ಬು ಹಾಕುವ ಮಜೂರಿ ಜಾಸ್ತಿ. ಹಾಗಾಗಿ ಒಂದೇ ಲೈಟಿನಲ್ಲಿ ಓಡಾಡುವವರೂ ಇದ್ದಾರೆ.

ಎಸಿಯ ಕೂಲಿಂಗ್ ಕಾಯಿಲ್ ಇನ್ನೂ ಕಷ್ಟ. ಅದು ಡ್ಯಾಶ್‌ಬೋರ್ಡಿನ ಹಿಂದೆ ಇರುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದಿಂದ ಎಳೆದು ತೆಗೆಯಬಹುದು. ಬಹಳಷ್ಟರಲ್ಲಿ ಸ್ಟೀರಿಂಗ್ ಇಳಿಸಿ, ಏರ್‌ಬ್ಯಾಗ್ ಕನೆಕ್ಷನ್ ತೆಗೆದು, ಇಡೀ ಡ್ಯಾಶ್‌ಬೋರ್ಡನ್ನು ಹೊರಗಿಡಬೇಕು. ಸೋರುತ್ತಿರುವ ಸಣ್ಣದೊಂದು ತೂತಿಗಾಗಿ ಕಾರಿನ ಅರ್ಧ ಒಳಾಂಗಣ ಅಂಗಳಕ್ಕೆ ಬರುತ್ತದೆ. ಮತ್ತೆ ಜೋಡಿಸಿದ ಮೇಲೆ ಎಲ್ಲೋ ಒಂದು ಕಡೆ ಕಿರ್ ಕಿರ್ ಸದ್ದು ಉಳಿಯುತ್ತದೆ. ಗಿರಾಕಿ ಅದಕ್ಕೂ ಮೆಕ್ಯಾನಿಕ್ಕನ್ನೇ ಕೇಳುತ್ತಾರೆ.

ಬೇಕೆಂದೇ ಯಾರೂ ಹೀಗೆ ಮಾಡಿರಲಿಕ್ಕಿಲ್ಲ. ಕಾರಣಗಳಿವೆ, ಅವನ್ನು ತಿಳಿದುಕೊಳ್ಳಬೇಕು.

ಮೊದಲನೆಯದು ಕಾರು ಕಟ್ಟುವ ಕ್ರಮ. ಕಾರ್ಖಾನೆಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್ ಎಲ್ಲವನ್ನೂ ಹೊರಗೇ ಜೋಡಿಸಿ, ಒಟ್ಟಿಗೆ ಕೆಳಗಿನಿಂದ ಬಾಡಿಯೊಳಗೆ ಏರಿಸುತ್ತಾರೆ. ಆ ಬೋಲ್ಟುಗಳನ್ನು ಬಿಗಿಯುವಾಗ ಸುತ್ತ ಬಯಲು. ಕೈ, ಕಣ್ಣು, ಯಂತ್ರ ಎಲ್ಲಕ್ಕೂ ಜಾಗ ಇರುತ್ತದೆ. ಅದೇ ಬೋಲ್ಟು ನಮ್ಮ ಗ್ಯಾರೇಜಿಗೆ ಬರುವಾಗ ಅದರ ಮೇಲೆ ಬಾಡಿ, ಹಿಂದೆ ಸೈಲೆನ್ಸರ್, ಪಕ್ಕದಲ್ಲಿ ಎಸಿ ಪೈಪು. ಇಲ್ಲಿ ಲಿಫ್ಟ್ ಇಲ್ಲ, ಜಾಕಿ ಮತ್ತು ಕಲ್ಲು.

ಎರಡನೆಯದು ನಮ್ಮದೇ ತೆರಿಗೆ. 2006ರ ಕೇಂದ್ರ ಬಜೆಟ್ ಸಣ್ಣ ಕಾರಿನ ಅಬಕಾರಿ ಸುಂಕವನ್ನು 24 ಶೇಕಡಾದಿಂದ 16ಕ್ಕೆ ಇಳಿಸಿತು. ಷರತ್ತು: ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ಮೀರಬಾರದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಲ್ಲೂ ಅದೇ ಗೆರೆ: ಒಳಗಿದ್ದರೆ 18 ಶೇಕಡಾ, ದಾಟಿದರೆ 40. ಇಷ್ಟು ವ್ಯತ್ಯಾಸ ಇದ್ದಾಗ ಯಾವ ಕಂಪನಿ ತಾನೇ 4 ಮೀಟರ್ ದಾಟುತ್ತದೆ? ಹಿಂದಿನ ಸೀಟಿನಲ್ಲಿ ಕಾಲಿಡಲು ಜಾಗ ಬೇಕು, ಸಾಮಾನಿಡಲು ಡಿಕ್ಕಿ ಬೇಕು. ಮಿಲಿಮೀಟರ್ ಉಳಿಸಬೇಕಾದ್ದು ಬಾನೆಟ್ಟಿನ ಕೆಳಗೇ. ಈ ತೆರಿಗೆಯಿಂದ ಕಾರು ಅಗ್ಗವಾಗಿದ್ದು ನಿಜ, ನಮ್ಮಂಥವರಿಗೆ ಕಾರು ಕೊಳ್ಳಲು ಆದದ್ದೂ ನಿಜ. ಆದರೆ ಮೆಕ್ಯಾನಿಕ್ಕಿನ ಮಣಿಕಟ್ಟಿಗೆ ಬೇಕಾದ ನಾಲ್ಕು ಬೆರಳು ಜಾಗ ಆ ಲೆಕ್ಕದಲ್ಲಿ ಹೋಯಿತು.

ಮೂರನೆಯದು ಹೊಗೆ ಮತ್ತು ಸುರಕ್ಷತೆ. 2020ರ ಏಪ್ರಿಲ್ 1ರಿಂದ ಹೊಗೆಯ ಮಿತಿ ಬಿಗಿ ಮಾಡಿದ ಬಿಎಸ್6 ನಿಯಮ ಬಂತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಬೇಕಾದ್ದರಿಂದ ಅದನ್ನು ಎಂಜಿನ್ನಿಗೆ ಅಂಟಿಸಿದಂತೆ ಇಡುತ್ತಾರೆ. ಡೀಸೆಲ್ ಗಾಡಿಗೆ ಮಸಿ ಹಿಡಿಯುವ ಫಿಲ್ಟರ್ ಬೇರೆ. ಬ್ರೇಕ್ ಹೊಡೆದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಬಂತು, ಏರ್‌ಬ್ಯಾಗ್ ಬಂತು, ಡಿಕ್ಕಿಯಾದಾಗ ಕುಸಿಯಬೇಕಾದ ಮುಂಭಾಗ ಬಂತು. ಇವು ಯಾವುದೂ ಬೇಡ ಎಂದು ನಾನು ಹೇಳಲಾರೆ. ಜೀವ ಉಳಿಯುತ್ತದೆ, ಗಾಳಿ ಸುಧಾರಿಸುತ್ತದೆ. ಹೊಸ ಎಂಜಿನ್ನುಗಳನ್ನು ಪದೇ ಪದೇ ಬಿಚ್ಚುವ ಕೆಲಸವೂ ಕಡಿಮೆ. ಅಂಬಾಸಿಡರಿನ ಪಾಯಿಂಟ್ ಉಜ್ಜುವುದು, ಕಾರ್ಬೊರೇಟರ್ ಟ್ಯೂನ್ ಮಾಡುವುದು ನಿಂತೇ ನಿಲ್ಲದ ಕೆಲಸವಾಗಿತ್ತು. ಈಗಿನ ಇರಿಡಿಯಂ ಸ್ಪಾರ್ಕ್ ಪ್ಲಗ್ಗು 1 ಲಕ್ಷ ಕಿ.ಮೀ. ಹತ್ತಿರ ಬಾಳುತ್ತದೆ.

ಕಂಪನಿಗಳ ಪರವಾಗಿ ಹೇಳುವ ಅತಿ ಗಟ್ಟಿ ಮಾತು ಇದೇ: ಬಿಚ್ಚುವ ಅಗತ್ಯವೇ ಕಡಿಮೆಯಾದಾಗ ಬಿಚ್ಚಲು ಸುಲಭ ಇರಬೇಕು ಅನ್ನುವುದೇಕೆ? ನನಗೆ ಇದು ಅರ್ಧ ಸರಿ ಅನ್ನಿಸುತ್ತದೆ. ಕಾರಿನ ಮೊದಲ ಐದಾರು ವರ್ಷಕ್ಕೆ ಸರಿ. ಆ ವರ್ಷಗಳಲ್ಲಿ ಕಾರು ಮೊದಲ ಮಾಲೀಕರ ಹತ್ತಿರ ಇರುತ್ತದೆ, ವಾರಂಟಿ ಇರುತ್ತದೆ, ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗುತ್ತದೆ. ಆಮೇಲೆ ಅದೇ ಕಾರು ಬೆಂಗಳೂರಿನ ನಂಬರಿನಲ್ಲಿ ಕೋಲಾರಕ್ಕೋ ಚಿಂತಾಮಣಿಗೋ ಶ್ರೀನಿವಾಸಪುರಕ್ಕೋ ಬರುತ್ತದೆ. ಎರಡನೇ ಮಾಲೀಕರು, ಮೂರನೇ ಮಾಲೀಕರು. ಕ್ಲಚ್ ಹೋಗುವುದು ಆಗ, ಕಾಯಿಲ್ ಸೋರುವುದು ಆಗ, ಟ್ಯಾಂಕಿನೊಳಗಿನ ಪಂಪು ಕೈಕೊಡುವುದು ಆಗ. ವಿನ್ಯಾಸ ಮಾಡಿದವರ ಲೆಕ್ಕ ಮುಗಿದ ಮೇಲೆ ನಮ್ಮ ಊರಿನ ಲೆಕ್ಕ ಶುರುವಾಗುತ್ತದೆ.

ಪೆಟ್ರೋಲ್ ಪಂಪಿನ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲವು ಕಾರುಗಳಲ್ಲಿ ಹಿಂದಿನ ಸೀಟು ಎತ್ತಿದರೆ ಒಂದು ಮುಚ್ಚಳ ಇರುತ್ತದೆ, ಅದನ್ನು ತೆಗೆದರೆ ಪಂಪು ಕೈಗೆ ಸಿಗುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಆ ಮುಚ್ಚಳ ಇಲ್ಲ. ಪೆಟ್ರೋಲ್ ತುಂಬಿದ ಟ್ಯಾಂಕನ್ನೇ ಕೆಳಗಿಳಿಸಬೇಕು. ಮುಚ್ಚಳಕ್ಕೆ ಆಗುವ ಖರ್ಚು ಒಂದು ಕಾರಿಗೆ 100 ರೂಪಾಯಿ ಎಂದೇ ಇಟ್ಟುಕೊಳ್ಳಿ. 1 ಲಕ್ಷ ಕಾರು ಮಾಡುವ ಕಂಪನಿಗೆ ಅದು 1 ಕೋಟಿ ಉಳಿತಾಯ, ಪುಸ್ತಕದಲ್ಲಿ ಎದ್ದು ಕಾಣುತ್ತದೆ. ಆ ಮುಚ್ಚಳ ಇಲ್ಲದ್ದಕ್ಕೆ ಊರೂರಿನಲ್ಲಿ ಕಳೆದ ಗಂಟೆಗಳು, ಸುರಿದುಹೋದ ಪೆಟ್ರೋಲು, ಬೆಂಕಿಯ ಭಯ ಯಾರ ಪುಸ್ತಕದಲ್ಲೂ ಬರುವುದಿಲ್ಲ.

ಯಾರು ಏನು ಮಾಡಬಹುದು

ಈ ವಿಷಯ ಸರ್ಕಾರದ ಕಿವಿಗೆ ಬಿದ್ದಿಲ್ಲ ಎಂದಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ದೋಷ ಪತ್ತೆ ಮಾಡುವ ಉಪಕರಣ, ತಾಂತ್ರಿಕ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯ ಆರಿಸಿಕೊಂಡಿತು. ಆ ವರ್ಷದ ಡಿಸೆಂಬರ್ 24ಕ್ಕೆ ರಿಪೇರಿ ಹಕ್ಕಿನ ಪೋರ್ಟಲ್ ಬಂತು. ಟ್ರ್ಯಾಕ್ಟರು, ಕಾರು ಎರಡೂ ಆ ನಾಲ್ಕರೊಳಗೆ ಇವೆ. ಆದರೆ 2025ರ ಮೇ ತಿಂಗಳಲ್ಲಿ ಸಲ್ಲಿಕೆಯಾದ ರಿಪೇರಿ ಸೂಚ್ಯಂಕದ ವರದಿ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಮಾನಿಗೆ ಸೀಮಿತ.

ಈ ಸೂಚ್ಯಂಕ ಒಳ್ಳೆಯ ದಾರಿ. ಫ್ರಾನ್ಸ್ 2021ರ ಜನವರಿಯಿಂದ ಮೊಬೈಲ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮಷೀನುಗಳಿಗೆ 10ಕ್ಕೆ ಇಷ್ಟು ಎಂದು ಅಂಕ ಹಾಕಿಸಲು ಶುರು ಮಾಡಿತು. ಬಿಚ್ಚುವುದು ಎಷ್ಟು ಸುಲಭ, ಎಂಥ ಹತ್ಯಾರ ಬೇಕು, ಕೈಪಿಡಿ ಸಿಗುತ್ತದಾ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಬೆಲೆ ಎಷ್ಟು ಅನ್ನುವುದೆಲ್ಲ ಅದರಲ್ಲಿತ್ತು. ಮೊಬೈಲಿಗೆ ಆಗುವುದಾದರೆ ಕಾರಿಗೇಕೆ ಆಗಬಾರದು? ಡಿಕ್ಕಿ ಪರೀಕ್ಷೆಯ ನಕ್ಷತ್ರ ನೋಡಿ ಕಾರು ಕೊಳ್ಳುವ ಅಭ್ಯಾಸ 2023ರಲ್ಲಿ ಭಾರತ್ ಎನ್‌ಸಿಎಪಿ ಬಂದ ಮೇಲೆ ನಮ್ಮಲ್ಲೂ ಬೆಳೆಯುತ್ತಿದೆ. ಹೆಡ್‌ಲೈಟ್ ಬಲ್ಬು, ಬ್ಯಾಟರಿ, ಕ್ಲಚ್ ಪ್ಲೇಟು, ಕೂಲಿಂಗ್ ಕಾಯಿಲ್, ಪೆಟ್ರೋಲ್ ಪಂಪು, ಈ ಐದು ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಕಂಪನಿಯೇ ಬರೆದು ಷೋರೂಮಿನಲ್ಲಿ ಹಾಕಲಿ. ಆ ಲೆಕ್ಕ ಅವರ ಹತ್ತಿರ ಈಗಾಗಲೇ ಇರುತ್ತದೆ, ಸರ್ವಿಸ್ ಸೆಂಟರಿನ ಮಜೂರಿ ನಿಗದಿಯಾಗುವುದೇ ಅದರಿಂದ.

ಕೊಳ್ಳುವವರು ಕೂಡ ಸ್ವಲ್ಪ ಮಾಡಬಹುದು. ಹಳೇ ಕಾರು ನೋಡಲು ಹೋಗುವಾಗ ನಿಮ್ಮ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, "ಎಂಜಿನ್ ಹೆಂಗಿದೆ?" ಎಂದು ಕೇಳುವ ಜೊತೆಗೆ "ಇದನ್ನ ನೀವು ಬಿಚ್ಚೋಕೆ ಆಗುತ್ತಾ ಅಣ್ಣಾ?" ಎಂದೂ ಕೇಳಿ. ಕೆಲಸ ಮುಗಿದ ಮೇಲೆ ಉಳಿದ ಬೋಲ್ಟುಗಳನ್ನು ಡಬ್ಬಕ್ಕೆ ಸುರಿಯುವ ಬದಲು ಗಾಡಿಯ ಹೆಸರು ಬರೆದ ಕವರಿಗೆ ಹಾಕಿಡುವುದು, ಥ್ರೆಡ್ಡಿನ ಅಂತರ ಅಳೆಯುವ ಒಂದು ಪಿಚ್ ಗೇಜ್ ಗೋಡೆಗೆ ನೇತುಹಾಕುವುದು, ಹುಡುಗರಿಗೆ 12.7 ಯಾಕೆ 13 ಅಲ್ಲ ಎಂದು ಒಮ್ಮೆ ಕೂರಿಸಿ ಹೇಳುವುದು ಗ್ಯಾರೇಜಿನವರ ಕೈಯಲ್ಲೇ ಇದೆ. ನಾನು ಕಂಡ ಒಳ್ಳೆಯ ಮೆಕ್ಯಾನಿಕ್‌ಗಳು ಯಾರೂ ಹೇಳದೆಯೇ ಇದನ್ನು ಮಾಡುತ್ತಾರೆ.

ಕಂಪನಿಗಳಿಂದ ಕೇಳಬೇಕಾದ್ದೂ ಬಹಳ ದೊಡ್ಡದಲ್ಲ. ಈಗಿನ ಕಾರುಗಳ ಬಾನೆಟ್ಟಿನ ಕೆಳಗೆ ಎಸಿ ಗ್ಯಾಸು ಎಷ್ಟು ಗ್ರಾಂ ತುಂಬಬೇಕು ಎಂದು ಬರೆದ ಸ್ಟಿಕ್ಕರ್ ಇರುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಸ್ಟಿಕ್ಕರ್ ಬರಲಿ: ಚಕ್ರದ ನಟ್ಟಿನ ಥ್ರೆಡ್ ಮತ್ತು ಬಿಗಿ, ಆಯಿಲ್ ಡ್ರೈನ್ ಬೋಲ್ಟಿನ ಅಳತೆ, ಪ್ಲಗ್ಗಿನ ಅಳತೆ, ಸೀಟ್ ಬೆಲ್ಟಿನ ಬೋಲ್ಟು ಇಂಚಿನದು ಎಂಬ ಎಚ್ಚರಿಕೆ. ಕನ್ನಡದಲ್ಲಿ ಅಚ್ಚು ಹಾಕಿದರೆ ನರಸಾಪುರದ ಐಟಿಐ ಹುಡುಗನೂ ಓದುತ್ತಾನೆ, ಮಾಲೂರಿನ ಪಂಕ್ಚರ್ ಅಂಗಡಿಯವರೂ ಓದುತ್ತಾರೆ.